ಐದು ಗಂಟೆಯ ಅಜ್ಜ

ನನ್ನ ಭಾವಮೈದುನನಿಗೆ ಅರವತ್ತು ದಾಟಿದೆ ಎಂದು ಅವನ ಆಧಾರ್ ಕಾರ್ಡು ಹೇಳುತ್ತದೆ. ನಾನು ಹೇಳುವುದು ಬೇರೆ. ಬೆಳಗ್ಗೆ ಎದ್ದಾಗಿನಿಂದ ಸಂಜೆ ಐದರವರೆಗೆ ಅವನಿಗೆ ಅರವತ್ತು ಎನ್ನುವುದು ನಿಜ. ಐದರಿಂದ ಆರರವರೆಗೆ ಎಂಟು! ಆರು ಹೊಡೆದು, ಮನೆಗೆ ಹೋಗಿ, ಮಂಡಿಗೆ ಎಣ್ಣೆ ತಿಕ್ಕಿಸಿಕೊಳ್ಳುವ ಹೊತ್ತಿಗೆ ತೊಂಬತ್ತು! ಒಬ್ಬನೇ ಮನುಷ್ಯನಿಗೆ ಒಂದೇ ದಿನದಲ್ಲಿ ಮೂರು ವಯಸ್ಸನ್ನು ದಯಪಾಲಿಸಿದ ಪರಶಿವನ ಲೀಲೆಗೆ ನಮಸ್ಕರಿಸಿಯೇ ನಾನು ಮುಂದುವರಿಯಬೇಕು. ನಮಸ್ಕಾರವಾಯಿತು. ಇನ್ನು ದೂರು.

ಅವನದು ಶಿಕಾರಿಪುರದ ಪೇಟೆಯಲ್ಲಿ ಬೀಜ-ಗೊಬ್ಬರದ ಅಂಗಡಿ. ರೈತರು ಹೊಲದ ಕೆಲಸ ಮುಗಿಸಿ ಪೇಟೆಗೆ ಬರುವ ಹೊತ್ತು ಯಾವುದು? ಸಂಜೆ. ಇವನು ಶಟರ್ ಎಳೆಯುವ ಹೊತ್ತು ಯಾವುದು? ಅದೇ ಸಂಜೆ! ಎಳೆದವನು ನೇರವಾಗಿ ಬರುವುದು ನನ್ನ ಮನೆಯ ಎದುರಿನ ಖಾಲಿ ಸೈಟಿಗೆ. ಅಲ್ಲಿ ಬೀದಿಯ ಮಕ್ಕಳೆಲ್ಲ ಕಾದಿರುತ್ತವೆ. ಅವುಗಳ ಬಾಯಲ್ಲಿ ಇವನ ಹೆಸರು 'ಐದು ಗಂಟೆಯ ಅಜ್ಜ'. ಒಂದು ದಿನ ಲಗೋರಿ, ಒಂದು ದಿನ ಮುಟ್ಟಾಟ, ಒಂದು ದಿನ ಕುಂಟೆಬಿಲ್ಲೆ. ಮಳೆ ಬಂದರೆ ಕೊಡೆ ಹಿಡಿದು ಲಗೋರಿ! ನಾನು ಲಿಂಗಪೂಜೆಯ ಹೊತ್ತನ್ನು ಜ್ವರ ಬಂದಾಗ ತುಸು ಹಿಂದೆಮುಂದೆ ಮಾಡಿಕೊಂಡದ್ದುಂಟು. ಇವನ ಆಟದ ಹೊತ್ತು ಮಾತ್ರ ಸೂರ್ಯನೇ ನೋಡಿ ತನ್ನ ಗಡಿಯಾರ ಸರಿಮಾಡಿಕೊಳ್ಳುವಂಥದ್ದು.

ಒಮ್ಮೆ ಈಸೂರಿನ ಕಡೆಯ ರೈತರೊಬ್ಬರು ಮುಚ್ಚಿದ ಅಂಗಡಿಯ ಮುಂದೆ ನಿಂತು, ಅವರಿವರನ್ನು ಕೇಳಿಕೊಂಡು ಇಲ್ಲಿಗೇ ಬಂದರು.

"ಏನ್ರೀ ಸಾಹುಕಾರ್ರೇ, ಯೂರಿಯಾ ಬೇಕಿತ್ತಲ್ರೀ!"

"ಕೊಡೋಣ ಬರ್ರಿ. ಮೊದ್ಲು ಆ ಕಡೆ ನಿಂತ್ಕೊಂಡು ಚೆಂಡು ಹಿಡೀರಿ. ನಮ್ಮ ಕಡೆ ಒಬ್ರು ಕಮ್ಮಿ ಅದಾರೆ."

ಪಾಪ, ಆ ಸಜ್ಜನರು ಚೀಲವನ್ನು ಕೆಳಗಿಟ್ಟು ಚೆಂಡು ಹಿಡಿದರು. ಮುಂದಿನ ವಾರ ಅವರು ಮತ್ತೆ ಬಂದರು, ಸರಿಯಾಗಿ ಐದಕ್ಕೆ. ಕೈಯಲ್ಲಿ ಚೀಲವೇ ಇರಲಿಲ್ಲ!

ಹೋಗಲಿ, ಇಷ್ಟು ಆಡುವವನು ಚೆನ್ನಾಗಿಯಾದರೂ ಆಡುತ್ತಾನೆಯೇ? ಅದೂ ಇಲ್ಲ! ಬೀದಿಯ ಕೊನೆಯ ಮನೆಯ ಹುಡುಗಿಯೊಬ್ಬಳು ತನ್ನ ಕೂಸು ತಮ್ಮನನ್ನು ಸೊಂಟದ ಮೇಲೆ ಹೊತ್ತು ತರುತ್ತಾಳೆ. ಬಂದವಳ ಕೈಯಿಂದ ಇವನು ಮೊದಲು ಆ ಕೂಸನ್ನು ಕಸಿದುಕೊಳ್ಳಬೇಕು. ಆಮೇಲೆ ಅದನ್ನು ಕಂಕುಳಲ್ಲಿಟ್ಟುಕೊಂಡೇ ಓಡಬೇಕು, ಅದನ್ನಿಟ್ಟುಕೊಂಡೇ ಮೊದಲು ಔಟಾಗಬೇಕು. ಕೂಸನ್ನು ಕೆಳಗಿಳಿಸಿ ಆಡಯ್ಯಾ ಎಂದರೆ, ಕೇಳಿಸದವನಂತೆ ನಗುತ್ತಾನೆ. "ಊರಿನಲ್ಲಿ ಬೇರೆ ಬಯಲಿಲ್ಲವೇ? ನನ್ನ ಮನೆಯ ಎದುರೇ ಆಗಬೇಕೇ?" ಎಂದರೆ, ಅದಕ್ಕೂ ಅದೇ ನಗು.

ನನ್ನ ಕಳವಳಕ್ಕೆ ಕಾರಣ ಗದ್ದಲವಲ್ಲ, ನನ್ನ ಮೊಮ್ಮಗಳು. ಪಾಠಶಾಲೆಯೊಂದರಲ್ಲಿ ಜೀವಮಾನವಿಡೀ ಸಂಸ್ಕೃತ ಹೇಳಿಕೊಟ್ಟವನು ನಾನು. ಗುರುಗಳಿಂದ ಪಡೆದದ್ದನ್ನು ಇನ್ನೊಬ್ಬರಿಗೆ ದಾಟಿಸದೆ ಹೋದರೆ ಋಷಿಋಣ ತೀರುವುದಿಲ್ಲ. ಈಗ ನನಗೆ ಉಳಿದಿರುವ ಶಿಷ್ಯವರ್ಗವೆಂದರೆ ಮೂರನೆಯ ತರಗತಿಯ ನಮ್ಮ ಪುಟ್ಟಿ ಒಬ್ಬಳೇ. ಅವಳಿಗೆ ಹಗಲೆಲ್ಲ ಶಾಲೆ, ಆರರ ಮೇಲೆ ಟ್ಯೂಶನ್ನು, ಆಮೇಲೆ ಊಟ, ನಿದ್ರೆ. ನಡುವೆ ಬಿಡುವಿರುವುದು ಐದರಿಂದ ಆರು, ಅದೊಂದೇ ಗಂಟೆ. ಆ ಒಂದು ಗಂಟೆಗೆ ಇಬ್ಬರು ಮುದುಕರು ಹಕ್ಕುದಾರರು!

"ಏನಯ್ಯಾ, ಮಗುವಿಗೆ ವಿದ್ಯೆ ಬೇಡವೇ?" ಎಂದು ಕೇಳಿದೆ.

"ಬೇಕು ಭಾವ. ಆದ್ರೆ ವಿದ್ಯೆ ದೀಪದ ಬೆಳಕ್ನಾಗೂ ಆಗ್ತೈತೆ. ಸಂಜೆ ಬಿಸಿಲಿಗೆ ನೀವು ಬತ್ತಿ ಹಾಕಿ ಹೊತ್ತಿಸೋಕೆ ಬರಲ್ಲ ನೋಡ್ರಿ. ಅದು ಇದ್ದಾಗ್ಲೇ ಆಡ್ಕೋಬೇಕು."

ಗೊಬ್ಬರ ಮಾರುವವನಿಗೆ ಉಪಮೆಯೇಕೆ! ಆದರೂ ನಾನು ಉದಾರಿ. ಶಬ್ದರೂಪಗಳನ್ನು ಬಾಯಿಪಾಠ ಒಪ್ಪಿಸಿ ಆಟಕ್ಕೆ ಹೋಗಲಿ ಎಂದು ರಾಜಿಯಾದೆ. ಮರುದಿನ ಪುಟ್ಟಿ ಒಪ್ಪಿಸದೆಯೇ ಮಾಯ. ಹೊರಗಿನಿಂದ ಮಾತ್ರ "ರಾಮಃ, ರಾಮೌ, ರಾಮಾಃ" ಎಂಬ ಘೋಷ! ಇಣುಕಿ ನೋಡಿದರೆ ಕುಂಟೆಬಿಲ್ಲೆಯ ಮನೆಗಳಲ್ಲಿ ವಿಭಕ್ತಿಗಳು ಹಾರುತ್ತಿವೆ. ಏಕವಚನಕ್ಕೆ ಒಂಟಿ ಕಾಲು, ದ್ವಿವಚನಕ್ಕೆ ಎರಡು ಕಾಲು. ಬಹುವಚನಕ್ಕೆ ಏನು ಮಾಡುತ್ತಾರಪ್ಪಾ ಎಂದು ನೋಡುತ್ತೇನೆ, ನನ್ನ ಭಾವಮೈದುನನೂ ಅವನ ಕಂಕುಳಿನ ಕೂಸೂ ಸೇರಿಕೊಂಡು ಹಾರುತ್ತಿದ್ದಾರೆ! ನನ್ನ ಗುರುಗಳು ಯಾವ ಲೋಕದಲ್ಲಿದ್ದಾರೋ, ಅಲ್ಲಿ ಕಿಟಕಿಗಳಿರದಿರಲಿ ಎಂದು ಪ್ರಾರ್ಥಿಸಿದೆ.

ಜಗಲಿಯ ಮೇಲೆ ಕುಳಿತು ಹೂ ಕಟ್ಟುತ್ತಿದ್ದ ನನ್ನ ಹೆಂಡತಿಗೆ, "ನೋಡಿದೆಯಾ ನಿನ್ನ ತಮ್ಮನನ್ನು?" ಎಂದೆ.

"ನೋಡ್ತಾನೇ ಇದೀನಲ್ರೀ," ಎಂದಳು. ದಿನವೂ ಐದಕ್ಕೆ ಅವಳಿಗೆ ಜಗಲಿಯಲ್ಲೇ ಏನಾದರೊಂದು ಕೆಲಸವಿರುತ್ತದೆ. ಕಣ್ಣು ಮಾತ್ರ ಸೈಟಿನ ಮೇಲೆ.

ಇದನ್ನೆಲ್ಲ ಸಹಿಸಿದ್ದೆ. ಸೊರಬದಲ್ಲಿ ನಡೆದದ್ದನ್ನು ಸಹಿಸಲಾಗಲಿಲ್ಲ.

ನನ್ನ ತಮ್ಮನ ಮಗನಿಗೆ ಸೊರಬದಲ್ಲಿ ಹೆಣ್ಣು ಗೊತ್ತಾಗಿ, ನಿಶ್ಚಿತಾರ್ಥಕ್ಕೆ ಹೋಗಿದ್ದೆವು. ಗೋಧೂಳಿಯ ಮುಹೂರ್ತ. ಜಮಖಾನದ ಮೇಲೆ ಎರಡೂ ಕಡೆಯ ಹಿರಿಯರು ಎದುರುಬದುರು. ನಮ್ಮಲ್ಲೊಂದು ಪದ್ಧತಿಯಿದೆ: ವೀಳ್ಯ ಬದಲಾಗುವ ತನಕ ಗಂಡಿನ ಕಡೆಯ ಹಿರಿಯರು ಜಮಖಾನ ಬಿಟ್ಟು ಏಳಬಾರದು. ಎದ್ದರೆ ಮುನಿಸಿಕೊಂಡರು ಎಂದರ್ಥ. ಸಂಬಂಧ ಮುರಿದರೂ ಮುರಿದೀತು. ಇದು ಇವನಿಗೆ ತಿಳಿಯದ ಸಂಗತಿಯೇ? ತಟ್ಟೆಯಲ್ಲಿ ಎಲೆಯಡಿಕೆ ಜೋಡಿಸುತ್ತಿದ್ದರು. ಗೋಡೆಯ ಗಡಿಯಾರ ಐದು ಹೊಡೆಯಿತು. ನನ್ನ ಭಾವಮೈದುನ ಎದ್ದ. ಶಲ್ಯ ಕೊಡವಿದ. ಹಿತ್ತಲಿನ ಬಾಗಿಲಿನಿಂದ ಹೊರಟೇ ಹೋದ!

ಹೆಣ್ಣಿನ ಕಡೆಯವರ ಮುಖಗಳು ಬಿಳಿಚಿಕೊಂಡವು. ಹುಡುಗಿಯ ತಂದೆ, ಹೊಸ ಪಂಚೆಯುಟ್ಟ ಸಾಧು ಮನುಷ್ಯರು, ಗಾಬರಿಯಿಂದ ಹಿಂದೆಯೇ ಓಡಿದರು. ಅವರು ಬರಲಿಲ್ಲ. ಅವರನ್ನು ಕರೆಯಲು ಹುಡುಗಿಯ ಸೋದರಮಾವ ಹೋದರು. ಅವರೂ ಬರಲಿಲ್ಲ. ಅವರ ಹಿಂದೆ ಮತ್ತೊಬ್ಬರು. ಹಿತ್ತಲು ಹಿರಿಯರನ್ನು ಒಬ್ಬೊಬ್ಬರನ್ನಾಗಿ ನುಂಗುತ್ತಿತ್ತು! ಕೊನೆಗೆ ನಾನೇ ಎದ್ದೆ.

ಹಿತ್ತಲಿನಲ್ಲೊಂದು ಹುಲ್ಲಿನ ಬಣವೆ. ಅದರ ಹಿಂದೆ ನನ್ನ ಭಾವಮೈದುನ ಕುಕ್ಕರಗಾಲಿನಲ್ಲಿ ಕುಳಿತಿದ್ದಾನೆ. ತೊಡೆಯ ಮೇಲೆ ಹೆಣ್ಣಿನ ಮನೆಯವರ ಯಾವುದೋ ಕೂಸು ಇವನ ಶಲ್ಯದ ತುದಿಯನ್ನು ಚೀಪುತ್ತಿದೆ. ಪಕ್ಕದಲ್ಲಿ ಹುಡುಗಿಯ ತಂದೆ ಕೈಮುಗಿದುಕೊಂಡೇ ಕುಳಿತಿದ್ದಾರೆ.

"ಏನು ತಪ್ಪಾಯ್ತು ಮಾರಾಯ್ರೇ? ಕಾಫಿ ತಣ್ಣಗಿತ್ತಾ? ನಮ್ಮವರು ಯಾರಾದ್ರೂ ಏನಾದ್ರೂ ಅಂದ್ರಾ?"

"ಶ್! ತಲೆ ತಗ್ಸ್ರೀ! ನಿಮ್ಮ ಪೇಟ ಕಾಣ್ತೈತೆ!"

ಅವರು ತಲೆ ತಗ್ಗಿಸಿದರು. ಉಳಿದಿಬ್ಬರು ಹಿರಿಯರಂತೂ ಆಗಲೇ ತಗ್ಗಿಸಿದ್ದರು. ಆಚೆ ಹಲಸಿನ ಮರಕ್ಕೆ ಮುಖವೊತ್ತಿ ಒಬ್ಬಳು ಹುಡುಗಿ ಎಣಿಸುತ್ತಿದ್ದಳು. ಮೈಯೆಲ್ಲ ಉರಿದು ನಾನು, "ಏಳಿ ಎಲ್ಲರೂ! ಮುಹೂರ್ತ ಮೀರುತ್ತಿದೆ!" ಎಂದು ಗರ್ಜಿಸಿದೆ. ಹುಡುಗಿ ತಿರುಗಿ ನೋಡಿದಳು. ಎಲ್ಲರೂ ಸಿಕ್ಕಿಬಿದ್ದರು.

"ಏನ್ ಭಾವ," ಎಂದ ಇವನು ನೊಂದ ದನಿಯಲ್ಲಿ, "ನಿಮ್ಮಿಂದ ಬೀಗರೆಲ್ಲ ಔಟು!"

ಪೇಟಗಳಲ್ಲಿ ಹುಲ್ಲು ಸಿಕ್ಕಿಸಿಕೊಂಡೇ ಹಿರಿಯರು ವೀಳ್ಯ ಬದಲಾಯಿಸಿದರು. ಬೀಗರು ನಗುತ್ತಿದ್ದರು ನಿಜ. ನನ್ನ ಮಾನ ಹೋಗಿತ್ತು. ಹಿಂದಿರುಗುವಾಗ ದಾರಿಯುದ್ದಕ್ಕೂ ಉಪದೇಶ ಮಾಡಿ, ಕೊನೆಗೆ ಹೇಳಿದೆ: "ನಾಳೆಯಿಂದ ಐದು ಗಂಟೆ ನನ್ನದು. ನನ್ನ ಗೇಟಿಗೆ ಬೀಗ. ಪುಟ್ಟಿ ಪಾಠಕ್ಕೆ ಕೂರುತ್ತಾಳೆ." ಅವನು ನಗಲಿಲ್ಲ. ಅದೊಂದು ಸಮಾಧಾನ.

ಮರುದಿನ ಬೀಗ ಹಾಕಿದೆ. ಪುಟ್ಟಿ ಚಾಪೆಯ ಮೇಲೆ ಕುಳಿತಳು. ಕಣ್ಣೆಲ್ಲ ಗೇಟಿನ ಮೇಲೆ. ಐದಾಯಿತು. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಇವನು ಬಂದ. ಎಂದಿನಂತೆ ಕೂಗಲಿಲ್ಲ. ಗೇಟಿನ ಸರಳು ಹಿಡಿದು ಮೆಲ್ಲಗೆ ಹೇಳಿದ:

"ಭಾವ, ಪುಟ್ಟಿನ ಇವತ್ತೊಂದಿನ ಕಳಿಸ್ರಿ. ನಾಳೆಯಿಂದ ನೀವು ಹೇಳಿದಂಗೆ."

"ಇವತ್ತೇನು ವಿಶೇಷ?"

"ಇವತ್ತು ಅಕ್ಕನ್ನ ಕುಂಟೆಬಿಲ್ಲೆಗೆ ಕರ್ಕೊಂಡು ಬರ್ತೀನಿ ಅಂದಿದ್ಲು ಪುಟ್ಟಿ."

"ಯಾವ ಅಕ್ಕನನ್ನು?"

"ನಮ್ಮ ಅಕ್ಕನ್ನ, ಭಾವ. ಇನ್ಯಾವ ಅಕ್ಕ ಅದಾಳೆ ನಂಗೆ?"

ತಿರುಗಿ ನೋಡಿದೆ. ಜಗಲಿಯ ಮೇಲೆ ನನ್ನ ಹೆಂಡತಿಯ ಕೈಯಲ್ಲಿ ಹೂವಿನ ದಾರ ಹಾಗೇ ನಿಂತಿತ್ತು.

"ನಂಗೆ ನೆನಪಿರೋ ಮೊದಲನೇದು ಅಂದ್ರೆ ಅಕ್ಕನ ಸೊಂಟ ಭಾವ," ಎಂದ ಅವನು, ಕೂಸಿನ ತಲೆ ಸವರುತ್ತ. "ಅವ್ವ ಗದ್ದೆಗೆ ಹೋದ್ರೆ ನಾನು ಅಕ್ಕನ ಮೇಲೆ. ಇಳಿಸಿದ್ರೆ ಊರು ಕೇಳಂಗೆ ಅಳ್ತಿದ್ದೆ. ಓಣಿ ಹುಡುಗೀರು ಕುಂಟೆಬಿಲ್ಲೆ ಆಡೋರು. ಕೂಸು ಎತ್ಕೊಂಡೋಳು ಆಟಕ್ಕುಂಟು, ಲೆಕ್ಕಕ್ಕಿಲ್ಲ ಅಂತ ಇವಳನ್ನ ಗೆರೆ ಆಚೆ ನಿಲ್ಲಿಸೋರು. ನಾನು ಇಳಿಯೋ ಹೊತ್ತಿಗೆ ಇವಳು ಸೀರೆ ಉಟ್ಲು. ಆಮೇಲೆ ನಿಮ್ಮನೆ. ನಾನು ಕರೆದ್ರೆ ಬೈದು ಕಳಿಸ್ತಾಳೆ. ಪುಟ್ಟಿ ಕರೆದ್ರೆ ಬಂದಾಳು ಅಂತ..."

ನಾನು ಹಳೆಯ ಪ್ರಶ್ನೆಯನ್ನೇ ಕೇಳಿದೆ: "ಅದಕ್ಕೆ ನನ್ನ ಮನೆಯ ಎದುರೇ ಏಕಯ್ಯಾ?"

"ಬೇರೆ ಬಯಲಾಗೆ ಅಕ್ಕನ ಜಗಲಿ ಎಲ್ಲೈತೆ ಭಾವ?"

ಬೀಗದ ಕೈ ಹುಡುಕಲು ನನಗೆ ತುಸು ಹೊತ್ತು ಹಿಡಿಯಿತು. ಅದು ನನ್ನ ಕೊರಳಲ್ಲೇ, ಶಿವದಾರದ ಪಕ್ಕದಲ್ಲೇ ನೇತಾಡುತ್ತಿತ್ತು. ಕಣ್ಣು ಮಂಜಾದರೆ ಹೀಗೆಯೇ.

"ಹುಚ್ಚಪ್ಪ! ಈ ಮಂಡಿ ಇಟ್ಕೊಂಡು ಕುಂಟೋದಾ?" ಎಂದಳು ನನ್ನ ಹೆಂಡತಿ.

"ಅಜ್ಜಿ, ನೀನು ದಿನಾ ಕುಂಟ್ತಾನೇ ಇರ್ತೀಯಲ್ಲ! ಬಾ," ಎಂದು ಪುಟ್ಟಿ ಸೆರಗು ಹಿಡಿದೆಳೆದಳು.

ಅವಳು ಬೈದಳು. ಬೈಯುತ್ತಲೇ ಎದ್ದಳು. ಬೈಯುತ್ತಲೇ ಸೆರಗು ಸಿಕ್ಕಿಸಿದಳು. ಅಕ್ಕನ ಕೈ ಹಿಡಿಯಬೇಕಾದ್ದರಿಂದ ಭಾವಮೈದುನ, "ಹಿಡ್ಕೊಳ್ರಿ ಭಾವ," ಎಂದು ಕೂಸನ್ನು ನನ್ನ ತೋಳಿಗೆ ಹಾಕಿ ನಡೆದೇಬಿಟ್ಟ. ನನ್ನ ಅಭಿಪ್ರಾಯವನ್ನು ಯಾರು ಕೇಳಿದರು? ಕೂಸು ಮೊದಲು ನನ್ನ ಹಣೆಯ ವಿಭೂತಿಯನ್ನು ಒರೆಸಿತು. ಆಮೇಲೆ ಕನ್ನಡಕಕ್ಕೆ ಕೈ ಹಾಕಿತು.

ನನ್ನ ಹೆಂಡತಿ ಹೆಂಚಿನ ಬಿಲ್ಲೆಯನ್ನೆಸೆದಳು. ಅದು ಸರಿಯಾಗಿ ಮೂರನೆಯ ಮನೆಯ ನಡುವೆ ಬಿತ್ತು. ಎಷ್ಟು ವರ್ಷಗಳಿಂದ ನೋಡಿಟ್ಟುಕೊಂಡ ಗುರಿಯೋ! ತಮ್ಮನ ಕೈಯನ್ನು ಬಿಗಿಯಾಗಿ ಹಿಡಿದು ಒಂದು ಹಾರಿದಳು, ಎರಡು ಹಾರಿದಳು, ಮೂರನೆಯದಕ್ಕೆ ತುಸು ವಾಲಿದಳು.

"ಅಜ್ಜಿ ಗೆರೆ ತುಳಿದ್ಲು! ಔಟ್!" ಮಕ್ಕಳೆಲ್ಲ ಕೂಗಿದವು.

"ಯಾರೇ ತುಳಿದೋಳು? ಎಲ್ಲಿ, ತೋರ್ಸು! ತುಳಿದಿಲ್ಲ ಅಂದ್ರೆ ತುಳಿದಿಲ್ಲ!"

ಮದುವೆಯಾದಂದಿನಿಂದ ನಾನು ಆ ದನಿಯನ್ನು ಕೇಳಿರಲಿಲ್ಲ. ನಮ್ಮ ಮನೆಯಲ್ಲಿ ಯಾವುದಕ್ಕೂ ತನ್ನದೊಂದು ಹಕ್ಕಿದೆಯೆಂದು ಜಗಳ ತೆಗೆದವಳಲ್ಲ ಅವಳು. ಈಗ ಸೊಂಟಕ್ಕೆ ಕೈಯಿಟ್ಟು, ಕೆನ್ನೆ ಕೆಂಪಾಗಿಸಿಕೊಂಡು, ನನ್ನತ್ತ ತಿರುಗಿದಳು: "ರೀ, ನೀವೇ ಹೇಳ್ರಿ! ನಾನು ತುಳಿದ್ನಾ?"

ಸುಳ್ಳಾಡಿ ಅಭ್ಯಾಸವಿಲ್ಲದವನು ನಾನು. ಅವಳು ಗೆರೆ ತುಳಿದದ್ದನ್ನು ಕಣ್ಣಾರೆ ಕಂಡಿದ್ದೆ. ಬಾಯಿ ತೆರೆದೆ. ಅಷ್ಟರಲ್ಲಿ ಪುಟ್ಟಿ ಕೂಗಿದಳು:

"ಅಜ್ಜನ್ನ ಕೇಳಬಾರದು! ಅಜ್ಜ ಕೂಸು ಎತ್ಕೊಂಡಿದಾರೆ, ಲೆಕ್ಕಕ್ಕಿಲ್ಲ!"

ಪರಶಿವ ದೊಡ್ಡವನು. ಕೂಸನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡು, ನಾನು ಗೆರೆಯ ಆಚೆ ನಿಂತೆ.