ಗೇನ್ ಏಳು, ಟ್ರೆಬಲ್ ನಾಲ್ಕೂವರೆ

ಯಾವ ವಸ್ತುವನ್ನೂ ಇದ್ದ ಹಾಗೆ ಇರಲು ಬಿಡುವ ಅಭ್ಯಾಸ ನನಗಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಗೋಡೆಯ ಮೇಲಿನ ಕ್ಯಾಲೆಂಡರು ಕೂದಲೆಳೆಯಷ್ಟು ವಾಲಿದ್ದರೂ ಊಟದ ನಡುವೆ ಎದ್ದು ಹೋಗುತ್ತೇನೆ. ನೆಟ್ಟಗೆ ಮಾಡಿ ಬಂದು ಕುಳಿತರೆ ಅದು ಇನ್ನೊಂದು ಕಡೆಗೆ ವಾಲಿದಂತೆ ಕಾಣುತ್ತದೆ. ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗ. ಮೊದಲಿಗನಾದವನಿಗೆ ‘ಇಷ್ಟು ಸಾಕು’ ಎಂದು ಹೇಳುವ ಹಿರಿಯರು ಯಾರೂ ಇರುವುದಿಲ್ಲ. ರಜೆಯ ಅರ್ಜಿಯನ್ನು ನಾಲ್ಕು ಸಲ ತಿದ್ದಿ ಬರೆದು, ಐದನೆಯ ಸಲ ರಜೆಯೇ ಬೇಡವೆಂದು ಕಚೇರಿಗೆ ಹೋದ ದಾಖಲೆ ನನ್ನದು.

ಇಂಥವನ ಕೈಗೆ ಎಲೆಕ್ಟ್ರಿಕ್ ಗಿಟಾರು ಸಿಗಬಾರದಿತ್ತು. ಸಾಂಗಲಿಯ ಅಂಗಡಿಗಳೆಲ್ಲ ತಮ್ಮ ಹೆಸರಿನ ಹಿಂದೆ ‘ನ್ಯೂ’ ಸೇರಿಸಿಕೊಳ್ಳುತ್ತಿದ್ದ ಕಾಲವದು. ನಮ್ಮ ಮಾಲಗಾಂವಕ್ಕೂ ಕೇಬಲ್ ಟಿ.ವಿ. ಬಂದಿತ್ತು. ಅದರಲ್ಲಿ ನೀಳಕೇಶದ ವಿದೇಶಿಯೊಬ್ಬ ಕಣ್ಣು ಮುಚ್ಚಿ ಒಂದೇ ತಂತಿಯನ್ನು ಮೀಟಿ ಎಳೆದರೆ, ಸ್ವರವು ಬಿಕ್ಕಿ ಬಿಕ್ಕಿ ಅಳುತ್ತಿತ್ತು. ಆ ಅಳು ನನಗೂ ಬೇಕೆನ್ನಿಸಿತು. ಗಿಟಾರನ್ನೂ ಆಂಪ್ಲಿಫೈಯರನ್ನೂ ಮನೆಗೆ ಹೊತ್ತು ತಂದ ದಿನ, ದ್ರಾಕ್ಷಿ ತೋಟದಿಂದ ಬಂದ ಅಪ್ಪ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಸಿತಾರ ಮಾಡೂ ಮಿರಜಿ ಬಗಲಾಗ ಇದ್ದು, ಅದನ್ನ ಬಿಟ್ಟು ಈ ಹಲಗಿ ತಂದ್ಯಾ? ಇದರ ಹೊಟ್ಟಿ ಎಲ್ಲೈತೋ?”

“ಇದಕ ಹೊಟ್ಟಿ ಇರೂದಿಲ್ಲರಿ ಅಪ್ಪಾ. ಕರೆಂಟಿನ ಮ್ಯಾಲೆ ನಡೀತೈತಿ.”

ಅವ್ವನಿಗೆ ಬೇರೆಯೇ ಸಂಶಯ. “ಹೆಗಲಿಗೆ ಹಾಕೂ ಪಟ್ಟಿ ತೊಗಲಿಂದ ಅಲ್ಲಲ್ಲ?” ತೊಗಲಿನದೇ ಆಗಿತ್ತು. ಜೈನರ ಮನೆಯಲ್ಲಿ ಅದು ಹೊಸ್ತಿಲು ದಾಟುವಂತಿಲ್ಲ. ಅವ್ವ ಹಳೆಯ ಸೀರೆಯ ಅಂಚಿನಿಂದ ಬೇರೆ ಪಟ್ಟಿ ಹೊಲಿದುಕೊಟ್ಟಳು.

ಅಷ್ಟರಲ್ಲಿ ಕಚೇರಿಯ ವಾರ್ಷಿಕ ಗ್ಯಾದರಿಂಗ್ ಬಂತು. ಟೈಪಿಂಗ್ ವಿಭಾಗದ ಸುನಂದಾ ನಿಧಾನಗತಿಯ ಒಂದು ಇಂಗ್ಲಿಷ್ ರಾಕ್ ಗೀತೆಯನ್ನು ಹಾಡುವುದೆಂದೂ, ನಡುವೆ ಬರುವ ಗಿಟಾರಿನ ಅಳುವನ್ನು ನಾನು ನುಡಿಸುವುದೆಂದೂ ನಿಶ್ಚಯವಾಯಿತು. ಅಪ್ಪ ತಾವಾಗಿಯೇ, “ನಾನೂ ಬರ್ತೇನಿ. ಕಲಿತಾಂವ ಏನ್ ಬಾರಿಸ್ತಾನ, ಕೇಳಿ ಬಿಡೂಣು” ಎಂದರು. ನನ್ನ ಪದವಿ ಪ್ರದಾನಕ್ಕೆ ಗೊಬ್ಬರ ಹಾಕುವ ಕೆಲಸವಿದೆಯೆಂದು ಬಾರದಿದ್ದವರು. ಅಂದಿನಿಂದ ನನಗೆ ನೆಮ್ಮದಿಯಿಲ್ಲ.

ಸ್ವರದ ಬಿರುಸು ಹೆಚ್ಚಿಸುವ ಗೇನ್, ಬೇಸ್, ಮಿಡಲ್, ಚೂಪು ಹೆಚ್ಚಿಸುವ ಟ್ರೆಬಲ್ ಎಂದು ಆಂಪ್ಲಿಫೈಯರಿಗೆ ನಾಲ್ಕು ತಿರುಗುಣಿಗಳು. ಪ್ರತಿ ಸಂಜೆ ಒಂದೊಂದು ಅಂಕಿಯಲ್ಲಿ ನಿಲ್ಲಿಸಿ, ಕೇಳಿ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಗೇನ್ ಆರಕ್ಕಿಟ್ಟರೆ ಸ್ವರ ಅಳುತ್ತಿರಲಿಲ್ಲ, ಗೊಣಗುತ್ತಿತ್ತು; ಎಂಟಕ್ಕಿಟ್ಟರೆ ಜಗಳಕ್ಕೇ ಬರುತ್ತಿತ್ತು. ಅಪ್ಪ ತೋಟದ ಮೋಟರು ಹಚ್ಚಿ ಬಂದು, ಹೊತ್ತು ಮುಳುಗುವ ಮೊದಲಿನ ಊಟಕ್ಕೆ ಕಾಯುತ್ತ ಪಡಸಾಲೆಯಲ್ಲಿ ಕೂರುತ್ತಿದ್ದರು. ಹತ್ತೊಂಬತ್ತನೆಯ ಸಂಜೆ ಅವರು ತಲೆಯೆತ್ತಿದರು.

“ಹಾಂ! ಈಗ ಬಂತ ನೋಡು. ಈಗ ಮನಶ್ಯಾ ಅತ್ತಂಗ ಆತು.”

ಗೇನ್ ಏಳು, ಟ್ರೆಬಲ್ ನಾಲ್ಕೂವರೆ. ಎರಡು ಸಲ ಅಡಿಗೆರೆ ಎಳೆದೆ.

ಗ್ಯಾದರಿಂಗಿನ ದಿನ ಸಾಂಗಲಿಯ ಸಭಾಗೃಹದಲ್ಲಿ ಅಪ್ಪ ತಲೆಗೆ ಹಳದಿ ಪಟಗಾ ಸುತ್ತಿಕೊಂಡು ಎರಡನೆಯ ಸಾಲಿನಲ್ಲಿ ಕುಳಿತರು. ನಾನು ನೋಟ್‌ಬುಕ್ಕು ತೆರೆದು, ಅಂಕಿಗಳನ್ನು ಅಣುಮಾತ್ರವೂ ತಪ್ಪದಂತೆ ಹೊಂದಿಸಿ ತಂತಿ ಮೀಟಿದೆ. ತಗಡಿನ ಮೇಲೆ ಮೊಳೆ ಗೀಚಿದಂಥ ಸದ್ದು ಹೊರಟಿತು. ಮುಂದಿನ ಸಾಲಿನ ಸಾಹೇಬರು ಕಿವಿಯ ಮೇಲೆ ಕೈಯಿಟ್ಟುಕೊಂಡರು.

“ಕರೆಂಟ್ ಏನಾದ್ರೂ ಹೆಚ್ಚು ಕಡಿಮಿ ಆಗೈತೇನ್ರಿ?” ಎಂದು ಸಭಾಗೃಹದ ವೈರಮನ್‌ನನ್ನು ಕೇಳಿದೆ.

“ಛೇ! ಜನರೇಟರ್ ಐತ್ರಿ ಇಲ್ಲಿ. ಫುಲ್ ವೋಲ್ಟೇಜ್!” ಎಂದು ಆತ ಹೆಮ್ಮೆಯಿಂದ ಹೇಳಿದ.

ನನಗೆ ಆಗ ಹೊಳೆಯಿತು. ಮನೆಯಲ್ಲಿ ನಾನು ನುಡಿಸುತ್ತಿದ್ದ ಹೊತ್ತಿಗೆ ಮಾಲಗಾಂವದ ಅಷ್ಟೂ ತೋಟಗಳ ಮೋಟರುಗಳು ಒಮ್ಮೆಗೇ ಶುರುವಾಗಿ, ವೋಲ್ಟೇಜ್ ಕುಸಿದು ನಮ್ಮ ಬಲ್ಬು ಕೆಂಡದ ಬಣ್ಣಕ್ಕೆ ಇಳಿಯುತ್ತಿತ್ತು. ಅರೆಹೊಟ್ಟೆಯ ಆಂಪ್ಲಿಫೈಯರು ಹಸಿವಿನಿಂದ ಅತ್ತದ್ದನ್ನು ನಾನು ನನ್ನ ಸಾಧನೆಯೆಂದು ಬರೆದುಕೊಂಡಿದ್ದೆ. ಎಲ್ಲ ಅಂಕಿಗಳಿದ್ದ ನೋಟ್‌ಬುಕ್ಕಿನಲ್ಲಿ ಬಲ್ಬಿನ ಉಲ್ಲೇಖವೇ ಇರಲಿಲ್ಲ.

“ಪಾಟೀಲ, ಝಾಲಂ ಕಾ?” ಮುಗಿಯಿತೇ ಎಂದು ಸುನಂದಾ ನನ್ನನ್ನು ಮರಾಠಿಯಲ್ಲಿ ಹಲ್ಲು ಕಚ್ಚಿ ಕೇಳಿದಳು.

“ಒಂದೇ ಮಿನಿಟ್‌ರಿ.”

ಜನ ತಾಳ್ಮೆಗೆಟ್ಟು ಚಪ್ಪಾಳೆ ತಟ್ಟತೊಡಗಿದರು. ನಮ್ಮ ಜೊತೆಗೆ ಕೀಬೋರ್ಡ್ ನುಡಿಸುವವನು ಕಾಯದೆ ಶುರು ಮಾಡಿಯೇಬಿಟ್ಟ, ಸುನಂದಾ ಹಾಡಿದಳು. ನಾನು ಸಭೆಗೆ ಬೆನ್ನು ಮಾಡಿ, ಮಂಡಿಯೂರಿ, ಟ್ರೆಬಲನ್ನು ಮೂರಕ್ಕೆ, ಅಲ್ಲಿಂದ ಮೂರೂಕಾಲಿಗೆ ತಂದೆ. ನನ್ನ ಅಳುವಿನ ಸರದಿ ಬಂತು. ಇನ್ನೊಂದೇ ಒಂದು ಕೂದಲೆಳೆ ತಿರುಗಿಸೋಣವೆಂದುಕೊಂಡೆ. ಆ ಖಾಲಿ ಜಾಗವನ್ನು ಕೀಬೋರ್ಡಿನವನು ತುಂಬಿದ. ಸ್ವರ ಕೊನೆಗೂ ಹದಕ್ಕೆ ಬಂದು, ನಾನು ಗಿಟಾರು ಹಿಡಿದು ಎದ್ದು ನಿಂತಾಗ, ಸುನಂದಾ ಹೂಗುಚ್ಛ ಸ್ವೀಕರಿಸುತ್ತಿದ್ದಳು.

ಬಸ್ಸಿನಲ್ಲಿ ಮಿರಜಿಗೆ ಬಂದೆವು. ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ಅಪ್ಪ ಗಿಟಾರನ್ನು ನನ್ನ ಕೈಯಿಂದ ತೆಗೆದುಕೊಂಡು ತಮ್ಮ ಹೆಗಲಿಗೆ ಹಾಕಿಕೊಂಡರು. “ಆಕೀ ಚಲೋ ಹಾಡಿದಳು. ನೀ ಬಗ್ಗಿ ಮಷಿನ್ ಸಂಬಾಳಿಸಿದಿ, ಅದಕ್ಕ ನಡೀತು.” ಅವರಿಗೆ ತಿಳಿದಿರಲಿಲ್ಲವೋ, ತಿಳಿದೂ ಹಾಗೆಂದರೋ, ಮುಖ ನೋಡಿ ನಿರ್ಣಯಿಸುವ ಧೈರ್ಯ ನನಗಾಗಲಿಲ್ಲ. ಮರುದಿನ ಊರಿಗೆಲ್ಲ ಅದನ್ನೇ ಹೇಳಿದರು: “ಉಳಿದಾವ್ರು ಬರೇ ಹಾಡಿದ್ರು. ಮಷಿನ್ ಸಂಬಾಳಿಸಿದಾಂವ ನಮ್ಮ ಹುಡುಗ!”

ಅಂದಿನಿಂದ ಮಾಲಗಾಂವದಲ್ಲಿ ಯಾವ ಧ್ವನಿವರ್ಧಕ ಕಿರುಚಿದರೂ ನನಗೆ ಕರೆ ಬರುತ್ತದೆ. “ಸಾಹೇಬ್ರ, ಭೋಂಗಾ ಭಾಳ ಒದರಾಕತ್ತೈತಿ, ಜರಾ ಬರ್ರಿ.” ಹೋಗುತ್ತೇನೆ. ಗಂಭೀರವಾಗಿ ಮಂಡಿಯೂರಿ, ತೋಚಿದ ತಿರುಗುಣಿಯನ್ನು ತೋಚಿದಷ್ಟು ತಿರುಗಿಸುತ್ತೇನೆ. ಸಾಮಾನ್ಯವಾಗಿ ನಾಲ್ಕನೆಯ ತಿರುವಿಗೆ ಕಿರುಚಾಟ ನಿಲ್ಲುತ್ತದೆ, ಎಲ್ಲರೂ “ವ್ಹಾ!” ಎನ್ನುತ್ತಾರೆ, ಭಾಷಣ ಮುಂದುವರಿಯುತ್ತದೆ. ಇನ್ನೂ ಸ್ವಲ್ಪ ಸುಧಾರಿಸಬಹುದಿತ್ತೆಂಬ ಸಂಶಯ ನನ್ನೊಬ್ಬನಿಗೇ ಉಳಿಯುವುದರಿಂದ, ಕುರ್ಚಿ ಮಡಚುವವರು ಬಂದು ಎಬ್ಬಿಸುವವರೆಗೆ ಅಲ್ಲಿಯೇ ಇರುತ್ತೇನೆ.