ಮೂರು ಸಲ ಒತ್ತಿದ ಗುಂಡಿ

ನನ್ನಂಥ ವಿಜ್ಞಾನ ಮಾಸ್ತರನ ಹೆಂಡತಿ ಮೊಣಕಾಲು ಹಿಡಿದುಕೊಂಡು ಮೆಟ್ಟಿಲಿಳಿದು ಬಂದು ಬೋರಿನ ಮೋಟಾರ್ ಚಾಲು ಮಾಡುವುದೆಂದರೆ ಅದು ವಿಜ್ಞಾನಕ್ಕೇ ಅವಮಾನ. ಹೀಗೆಂದು ಒಂದು ದಿನ ಚಹಾ ಕುಡಿಯುವಾಗ ನನಗೆ ಅನಿಸಿತು. ಅನಿಸಿದ್ದೇ ತಪ್ಪಾಯಿತು!

ಭಾಲ್ಕಿಯಿಂದ ಬೀದರಕ್ಕೆ ಬಸ್ ಹತ್ತಿ ಹೋಗಿ ನಾಲ್ಕು ಚಾನೆಲ್‌ನ ವೈರ್‌ಲೆಸ್ ರಿಮೋಟ್ ರಿಲೇ ರಿಸೀವರ್ ತಂದೆ. ಅಂಗೈಯಗಲದ ಡಬ್ಬಿ, ಜೊತೆಗೆ ಎ, ಬಿ, ಸಿ, ಡಿ ಅಂತ ನಾಲ್ಕು ಗುಂಡಿಗಳ ಪುಟ್ಟ ರಿಮೋಟು. ರಿಮೋಟು ಒತ್ತಿದರೆ ಡಬ್ಬಿಯೊಳಗಿನ ಸ್ವಿಚ್ಚು ತಾನೇ ಬೀಳುತ್ತದೆ. ಎ ಗುಂಡಿಗೆ ಮೋಟಾರ್ ಕೊಟ್ಟೆ, ಬಿ ಗುಂಡಿಗೆ ಗೇಟಿನ ದೀಪ. ನಾನು ಕೆಳಗಿನ ಕೋಣೆಯಲ್ಲಿ ಪೇಪರ್ ತಿದ್ದುವಾಗ ಊಟಕ್ಕೆ ಕರೆಯಲೆಂದು ಸಿ ಗುಂಡಿಗೆ ಕರೆಂಟಿನ ಗಂಟೆ. ಅದು ನಮ್ಮ ಸಾಲೆಯವರು ಬೇಡವೆಂದು ಬಿಟ್ಟಿದ್ದ ಗಂಟೆ. ಒಮ್ಮೆ ಬಾರಿಸಿದರೆ ಇಡೀ ಓಣಿಗೆ ಊಟದ ಹೊತ್ತಾಗುತ್ತಿತ್ತು.

ಉಳಿದದ್ದು ಡಿ. ಅದು ಮಳೆ ಕೈಕೊಟ್ಟ ವರ್ಷ. ಪುಣೆಗೆ, ಹೈದರಾಬಾದಿಗೆ ಕೆಲಸ ಹುಡುಕಿಕೊಂಡು ಹೊರಟವರು ಗಂಟುಮೂಟೆ ಹೊತ್ತು ನಮ್ಮ ಓಣಿಯಿಂದಲೇ ಸ್ಟೇಷನ್ನಿಗೆ ಹೋಗುತ್ತಿದ್ದರು. ಅವರ ಬಾಯಾರಿಕೆಗೆಂದು ನನ್ನ ಹೆಂಡತಿ ಶಿವಲೀಲಾ ಮನೆಯ ನೀರಿನ ಟಾಕಿಯಿಂದ ಗೇಟಿನ ಹೊರಗೆ ಒಂದು ನಳ ಇಡಿಸಿದ್ದಳು. ಕುಡಿದವರು ಅವಸರದಲ್ಲಿ ಬಂದ್ ಮಾಡದೆ ಓಡಿದರೆ ನೀರು ಹಾಳು. ಆದ್ದರಿಂದ ಆ ನಳದ ತಿರುಗಣೆ ಕಿತ್ತುಹಾಕಿ, ಕರೆಂಟಿನ ವಾಲ್ವು ಹಾಕಿ, ಡಿ ಗುಂಡಿಗೆ ಜೋಡಿಸಿದೆ.

ಹೊಸ ಡಬ್ಬಿಗೆ ಪೂಜೆ ಆಗದೆ ಹೇಗೆ? ವಿಭೂತಿ ಮೂರೆಳೆ ಎಳೆದೆ. ಆಮೇಲೆ ರಿಮೋಟಿನ ಗುರುತು ಹಿಡಿಸಲು ಡಬ್ಬಿಯ ಮೇಲಿನ ಸಣ್ಣ ಗುಂಡಿಯನ್ನು ಒತ್ತಬೇಕು. ಎಷ್ಟು ಸಲ? ಅಂಗಡಿಯವರು ಏನೋ ಹೇಳಿದ್ದರು. ನಾನು ಬಸ್ಸಿನ ಅವಸರದಲ್ಲಿ ತಲೆಯಾಡಿಸಿದ್ದೆ. ವಿಭೂತಿ ಮೂರೆಳೆ ಅಂದಮೇಲೆ ಗುಂಡಿಯೂ ಮೂರು ಸಲ! ಭಕ್ತಿಯಿಂದ ಒತ್ತಿದೆ.

"ಏನ್ರಿ, ನಾಳಿ ಸುಧಾನ ಕುಬಸ ಅದ. ಔರಾದಿನಿಂದ ಬೀಗರು ಬರ್ತಾರ. ಬೋರು ದಿನಾ ಒಂದೀಟು ಕೆಮ್ಮಿ ಸುಮ್ನಾಗ್ತದ. ವಾರಗಟ್ಲೆ ಕೂಡಿಸಿ ಟಾಕಿ ತುಂಬಿಸೇನಿ. ಇವತ್ತೇ ಬೇಕಾಗಿತ್ತೇನು ಇದು?" ಅಂದಳು ಶಿವಲೀಲಾ.

"ಬೀಗರ ಮುಂದ ಮರ್ಯಾದಿ ಹೆಚ್ಚಾಗ್ತದ, ನೋಡ್ತಿರು," ಅಂದೆ.

ಎ ಒತ್ತಿದೆ. ಮೋಟಾರ್ ಗುರ್ ಎಂದಿತು. ಏಳು ತಿಂಗಳ ಬಸುರಿ ಮಗಳು ಸುಧಾ ಕೂತಲ್ಲೇ ಚಪ್ಪಾಳೆ ತಟ್ಟಿದಳು. ಬಂದ್ ಮಾಡಲು ಮತ್ತೆ ಎ ಒತ್ತಿದೆ. ಮೋಟಾರ್ ನಿಲ್ಲಲಿಲ್ಲ. ಬೋರಿನಲ್ಲಿ ನೀರು ಮುಗಿದ ಮೇಲೂ ಓಡಿದರೆ ಮೋಟಾರ್ ಸುಟ್ಟೇ ಹೋಗುತ್ತದೆ! ಗಾಬರಿಯಲ್ಲಿ ಬಿ ಒತ್ತಿದೆ. ಮಟಮಟ ಮಧ್ಯಾಹ್ನ ಗೇಟಿನ ದೀಪ ಹತ್ತಿತು, ಮೋಟಾರ್ ನಿಂತಿತು.

"ಮೋಟಾರ್ ಬಂದ್ ಮಾಡ್ಲಾಕ ದೀಪ ಹಚ್ಚಬೇಕೇನ್ರಿ?" ಅಂದಳು ಶಿವಲೀಲಾ.

"ಅದು ಸುರಕ್ಷತಾ ವ್ಯವಸ್ಥೆ," ಎಂದು ಗಂಭೀರವಾಗಿ ಘೋಷಿಸಿ ಸಿ ಒತ್ತಿದೆ. ದೀಪ ಆರಿತು, ಗಂಟೆ ಶುರುವಾಯಿತು. ಎಂಥ ಗಂಟೆ! ಕಿಟಕಿಯ ಗಾಜುಗಳು ನಡುಗಿದವು. ಸಿ ಮೇಲೆ ಸಿ ಒತ್ತಿದರೂ ಅದು ಜಗ್ಗಲಿಲ್ಲ. ಎದುರುಮನೆಯ ಖಾಜಾಬಿ ಅಕ್ಕ ಹೊರಗೆ ಬಂದು, "ಸರ್, ಸಾಲಿ ಬಿಡ್ತೇನ್ರಿ?" ಎಂದು ಕೂಗಿದರು. ಕೊನೆಗೆ ಡಿ ಒತ್ತಿದೆ.

ಗಂಟೆ ನಿಂತಿತು. ಆಹಾ, ಎಂಥ ಶಾಂತಿ! "ನೋಡಿದ್ಯಾ? ಎಲ್ಲಾ ನನ್ನ ಹಿಡಿತದಾಗ ಅದ," ಎಂದು ಕಾಲು ಚಾಚಿ ಚಹಾ ತರಿಸಿಕೊಂಡೆ. ಇನ್ನೊಂದು ಕಪ್ಪನ್ನೂ ಕೇಳಿದೆ.

ಕೆಳಗೆ ಕೊಡಗಳ ಸದ್ದು ಕೇಳಿಸಿತು. ಇಣುಕಿ ನೋಡಿದರೆ ನಮ್ಮ ಗೇಟಿನ ಮುಂದೆ ಜಾತ್ರೆ! ನಳ ಧೋ ಎಂದು ಸುರಿಯುತ್ತಿತ್ತು. ಇಡೀ ಓಣಿ ಕೊಡ ಹಿಡಿದು ನಿಂತಿತ್ತು. ಸ್ಟೇಷನ್ನಿಗೆ ಹೊರಟ ಒಂದು ಸಂಸಾರ ಗಂಟು ಇಳಿಸಿ ಮಕ್ಕಳಿಗೆ ಸ್ನಾನ ಮಾಡಿಸುತ್ತಿತ್ತು. "ದೇವರು ನಿಮಗ ಚಲೋ ಮಾಡ್ಲಿ ಸಾಹೇಬ್ರ!" ಎಂದು ಆ ತಾಯಿ ಕೈಮುಗಿದಳು. ನಾನೂ ಕೈಮುಗಿದೆ. ಕೈಯಲ್ಲಿ ರಿಮೋಟು ಇತ್ತು. ಡಿ ಒತ್ತಿದೆ, ಮತ್ತೆ ಒತ್ತಿದೆ, ಗುಂಡಿ ಸವೆಯುವ ಹಾಗೆ ಒತ್ತಿದೆ. ನೀರು ನಿಲ್ಲಲಿಲ್ಲ. ಬೇರೆ ಗುಂಡಿ ಒತ್ತಿದರೆ ಇನ್ನೇನು ಶುರುವಾಗುತ್ತದೋ ಎಂಬ ಭಯ ಬೇರೆ.

ಶಿವಲೀಲಾ ಆ ಮೊಣಕಾಲಲ್ಲೇ ದಡದಡ ಮೆಟ್ಟಿಲಿಳಿದು ಮೇನ್ ಸ್ವಿಚ್ಚು ಎಳೆದಳು. ವಾಲ್ವು ಮುಚ್ಚಿಕೊಂಡಿತು. ಮುಚ್ಚಲು ಅಲ್ಲಿ ಇನ್ನೇನೂ ಉಳಿದಿರಲಿಲ್ಲ, ಟಾಕಿ ಖಾಲಿ.

ಅಂಗಡಿಗೆ ಫೋನ್ ಹಚ್ಚಿದೆ.

"ಎಷ್ಟು ಸಲ ಒತ್ತಿದ್ರಿ ಸರ್?"

"ಮೂರು."

"ಎರಡೇ ಒತ್ರಿ ಅಂದಿದ್ನಲ್ರಿ! ಎರಡು ಒತ್ತಿದ್ರ ಒಮ್ಮಿ ಚಾಲು, ಒಮ್ಮಿ ಬಂದ್. ಮೂರು ಒತ್ತಿದ್ರ ಒಂದು ಚಾಲು ಆದಾಗ ಉಳಿದದ್ದು ಬಂದ್ ಆಗ್ತದ, ಅದೇ ಗುಂಡಿ ಮತ್ತ ಒತ್ತಿದ್ರ ಆರೂದಿಲ್ಲ. ಮೂರು ಯಾಕ ಒತ್ತಿದ್ರಿ?"

ವಿಭೂತಿಯ ವಿಷಯ ಬಿಟ್ಟು, "ಕೈ ತಪ್ಪಿತ್ರಿ," ಅಂದೆ. ಫೋನ್ ಇಟ್ಟೆ.

ಶಿವಲೀಲಾ ಬೈಯಲಿಲ್ಲ. ಖಾಲಿ ಟಾಕಿಗೆ ಬೆರಳಿನಿಂದ ಟಣ್ ಟಣ್ ಎಂದು ಬಡಿದು, "ಬೀಗರಿಗೆ ಕಾಲು ತೊಳೀಲಿಕ್ಕ ಏನು ಕೊಡ್ಲಿ?" ಎಂದಳು. ಕಣ್ಣು ತುಂಬಿಕೊಂಡಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಸಂಜೆ ಖಾಜಾಬಿ ಅಕ್ಕ ಒಂದು ತುಂಬಿದ ಕೊಡ ತಂದು ಕಟ್ಟೆಯ ಮೇಲಿಟ್ಟರು. "ನಿಮ್ಮ ನೀರೇ ಅದ ಅಕ್ಕಾ, ಬ್ಯಾರೇದಲ್ಲ. ಕುಬಸ ಅಂತ ಗೊತ್ತಿರಲಿಲ್ಲ ನೋಡ್ರಿ." ಅವರ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಕೊಡದ ಜೊತೆ ಎಲ್ಲರೂ ನನಗೊಂದೊಂದು ಬುದ್ಧಿಮಾತನ್ನೂ ಕೊಟ್ಟು ಹೋದರು. ಕೊಡಗಳನ್ನು ಮಹಡಿಗೆ ಹೊತ್ತವನು ನಾನು. ಅದಕ್ಕೆ ರಿಮೋಟು ಇರಲಿಲ್ಲ.

ಕುಬಸ ಚೆನ್ನಾಗಿಯೇ ಆಯಿತು. ಬೀಗರು ಗೋಡೆಯ ಡಬ್ಬಿ ನೋಡಿ, "ಭಾರಿ ಅದ ಮಾಸ್ತರ, ನಮ್ಮನಿಗೂ ಒಂದು ಹಚ್ಚಿ ಕೊಡ್ರಿ," ಅಂದರು.

"ತಗೊಂಡು ಹೋಗ್ರಿ. ಮಾಸ್ತರನ್ನೂ ಕೂಡಿಸಿ," ಅಂದಳು ಶಿವಲೀಲಾ.

ಈಗ ಮೋಟಾರಿನ, ದೀಪದ, ವಾಲ್ವಿನ ವೈರು ಕಿತ್ತುಹಾಕಿದ್ದೇನೆ. ಗೇಟಿನ ನಳಕ್ಕೆ ಹಳೆಯ ತಿರುಗಣೆ ವಾಪಸು ಬಂದಿದೆ. ಗಂಟೆಯೊಂದನ್ನು ಮಾತ್ರ, ಎಣಿಸಿ ಎರಡೇ ಸಲ ಒತ್ತಿ, ಉಳಿಸಿಕೊಂಡಿದ್ದೇವೆ. ನೀರು ಬೇಕಾದಾಗ ಶಿವಲೀಲಾ ಮೇಲೆ ಕೂತಲ್ಲೇ ಸಿ ಒತ್ತುತ್ತಾಳೆ. ಕೆಳಗೆ ಗಂಟೆ ಬಾರಿಸುತ್ತದೆ. ಪೇಪರ್ ಬದಿಗಿಟ್ಟು ನಾನು ಎದ್ದು ಹೋಗಿ ಮೋಟಾರ್ ಚಾಲು ಮಾಡುತ್ತೇನೆ. ಮತ್ತೊಮ್ಮೆ ಬಾರಿಸಿದರೆ ಬಂದ್ ಮಾಡುತ್ತೇನೆ. ಅವಳು ಈಗ ಮೆಟ್ಟಿಲು ಇಳಿಯುವುದಿಲ್ಲ. ಆ ಡಬ್ಬಿಯ ಕೆಲಸ ಈಗ ನನ್ನದು, ಒಂದೂ ವೈರಿಲ್ಲ ನೋಡಿ ನನಗೆ!