ಹೆಂಡತಿಗೆ ಅರ್ಧ ಲಿವರ್ ಕೊಡಹೊರಟಿದ್ದು

ಧಾರಾಳವಾಗಿ ಇರುವುದನ್ನು ದಾನ ಮಾಡಲು ಹಿಂದೆಮುಂದೆ ನೋಡಬಾರದು ಎಂಬುದು ನನ್ನ ಸಿದ್ಧಾಂತ. ಉಮರ್ಗಾದಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ನನ್ನ ಬಳಿ ಧಾರಾಳವಾಗಿ ಇದ್ದದ್ದು ಶರೀರವೇ! ಹೀಗಾಗಿ, ಹೆಂಡತಿ ಮಹಾದೇವಿಯ ಲಿವರ್ ಕೆಟ್ಟಿದೆ, ಬೇರೆಯವರ ಲಿವರಿನ ಭಾಗ ಜೋಡಿಸಿದರೆ ಉಳಿದಾಳು ಎಂದು ಡಾಕ್ಟರು ಹೇಳಿದಾಗ ನಾನು ಎದೆ ತಟ್ಟಿಕೊಂಡೆ.

"ಅರ್ಧಾ ನಂದೇ ತಗೋರಿ!"

ಕುಡಿತವಿಲ್ಲ, ಮಾಂಸವಿಲ್ಲ, ಕೊರಳಲ್ಲಿ ಲಿಂಗವಿದೆ. ಇಂಥವನ ಲಿವರಿಗೆ ಏನಾದೀತು? ಈ ಮಾತು ಮಹಾದೇವಿಗೂ ಅನ್ವಯಿಸುತ್ತಿತ್ತು ಎಂಬುದು ನನಗೆ ಹೊಳೆಯಲೇ ಇಲ್ಲ.

ಆಗ ಉದಗೀರದ ಒಂದು ಆಸ್ಪತ್ರೆಯಲ್ಲಿ ಸಂಶೋಧನೆ ನಡೆದಿತ್ತು. ಅವರ ಹೊಸ ಸೋನೋಗ್ರಫಿ ಯಂತ್ರ ಬರೀ ಚಿತ್ರ ತೋರಿಸುವುದಲ್ಲ. ಹೊಟ್ಟೆಯೊಳಗೆ ಶಬ್ದದ ಅಲೆ ಕಳಿಸಿ, ಲಿವರ್ ಎಷ್ಟು ಗಟ್ಟಿಯಾಗಿದೆ, ಎಷ್ಟು ಕೊಬ್ಬು ತುಂಬಿದೆ ಎಂದು ಅಂಕಿಯಲ್ಲೇ ಹೇಳುತ್ತದಂತೆ. ರೋಗಿಗಳ ಜೊತೆ ಹೋಲಿಸಲು ಆರೋಗ್ಯವಂತರೂ ಬೇಕಾಗಿದ್ದರು. ಮಹಾದೇವಿ ರೋಗಿಯಾಗಿ, ನಾನು ಆರೋಗ್ಯದ ಸಾಕ್ಷಾತ್ ಮೂರ್ತಿಯಾಗಿ ಬಸ್ಸು ಹತ್ತಿದೆವು.

ನಿಲಂಗಾ ನಿಲ್ದಾಣದಲ್ಲಿ ಬಿಸಿ ಭಜಿಯ ವಾಸನೆ ಕಿಟಕಿಯೊಳಗೆ ಬಂತು. ನಾನು ಎದ್ದೆ.

"ರೀ, ಬರೀ ಹೊಟ್ಟೀಲೆ ಬರ್ರಿ ಅಂದಾರ," ಎಂದಳು ಮಹಾದೇವಿ.

"ಅದು ಬ್ಯಾನಿ ಇದ್ದವ್ರಿಗಿ. ನಾ ಗಟ್ಟಿ ಇದ್ದೀನಿ!"

ಆಸ್ಪತ್ರೆಯಲ್ಲಿ ಮಲಗಿಸಿ, ಹೊಟ್ಟೆಗೆ ತಣ್ಣನೆಯ ಜೆಲ್ ಬಳಿದು, "ಕಾಕಾ, ಉಸುರು ಹಿಡೀರಿ," ಎಂದಳು ಡಾಕ್ಟರ್ ಹುಡುಗಿ. ಹಿಡಿದೆ. ಉಸಿರು ನಿಂತಿತು, ತೇಗು ನಿಲ್ಲಲಿಲ್ಲ. ಭಜಿಯ ಸುದ್ದಿ ಕೋಣೆಯ ತುಂಬ ಹರಡಿತು! ಆಕೆ ನನ್ನನ್ನು ಸಂಜೆಯ ತನಕ ಹೊರಗೆ ಕೂಡಿಸಿದಳು. ತನ್ನ ಪರೀಕ್ಷೆ ಮುಗಿದಿದ್ದರೂ ನನ್ನ ಬಿಟ್ಟು ಉಣ್ಣಲು ಒಪ್ಪದೆ ಮಹಾದೇವಿಯೂ ಹಸಿದು ಕೂತಳು.

ಸಂಜೆ ಮತ್ತೆ ಅಳೆದು ಡಾಕ್ಟರ್ ಹುಬ್ಬೇರಿಸಿದಳು. "ಕಾಕಾ, ಅಂಕಿ ಭಾಳ ಜಾಸ್ತಿ ಬಂದದ."

ನಾನು ಧಡಕ್ಕನೆ ಎದ್ದು, ಜೆಲ್ ಸುರಿಯುವ ಹೊಟ್ಟೆಯಲ್ಲೇ ಹೊರಗೋಡಿದೆ. "ಮಹಾದೇವಿ! ಎಲ್ಲಾರಿಗಿಂತ ಜಾಸ್ತಿ, ಪೈಲಾ ನಂಬರ್ ಬಂದೀನಿ!"

ಹಿಂದೆಯೇ ಡಾಕ್ಟರ್ ಬಂದಳು. "ಕಾಕಾ, ಜಾಸ್ತಿ ಬಂದಿದ್ದು ಕೊಬ್ಬು. ಆರೋಗ್ಯವಂತರ ಗುಂಪಿನಾಗ ನಿಮಗ ತಗೊಳ್ಳಕ ಬರಲ್ಲ."

"ಮತ್ತ ಈಕಿಗಿ ಅರ್ಧಾ ಕೊಡದು?"

"ಅದು ದೊಡ್ಡ ದವಾಖಾನಿಯವ್ರು ನೋಡಿ ಹೇಳ್ತಾರ. ಕಷ್ಟ ಅದ, ಕಾಕಾ."

ಕಾರಿಡಾರಿನಲ್ಲಿ ಬರಿಹೊಟ್ಟೆ ಬಿಟ್ಟುಕೊಂಡು ನಿಂತೆ. ಮಹಾದೇವಿ ಸೆರಗಿನಿಂದ ಜೆಲ್ ಒರೆಸುತ್ತ ನಕ್ಕಳು. "ಇರ್ಲಿ ಬಿಡ್ರಿ. ಇಷ್ಟು ದೊಡ್ಡ ಲಿವರ್ ತಗೊಂಡು ನಾ ಎಲ್ಲಿ ಇಡ್ಲಿ?" ಆಮೇಲೆ ಒರೆಸುವುದನ್ನು ನಿಲ್ಲಿಸಿ ಗೋಡೆಯ ಕಡೆ ಮುಖ ತಿರುಗಿಸಿದಳು.

ದೊಡ್ಡ ಆಸ್ಪತ್ರೆಯವರೂ ಪರೀಕ್ಷಿಸಿ, "ಮೊದಲು ಕೊಬ್ಬು ಕರಗಿಸಿ," ಎಂದರು. ಸಂಬಂಧಿಕರಲ್ಲಿ ಬೇರೆ ಯಾರ ಲಿವರೂ ಅವಳಿಗೆ ಹೊಂದಲಿಲ್ಲ. ಎಣ್ಣೆ ಬಿಟ್ಟೆ, ಬೆಲ್ಲ ಬಿಟ್ಟೆ, ಗುಂಜೋಟಿ ರಸ್ತೆಯಲ್ಲಿ ಏದುಸಿರು ಬಿಡುತ್ತ ನಡೆದೆ. ನಿಲ್ಲಲಾಗದ ಮಹಾದೇವಿ ಅಡಿಗೆಮನೆಯಲ್ಲಿ ಕೂತೇ ನನಗೆ ಒಣ ರೊಟ್ಟಿ ಬಡಿಯುತ್ತಿದ್ದಳು. ಇನ್ನೊಂದು ಕೇಳಿದರೆ, "ಸಾಕು, ಏಳ್ರಿ," ಅನ್ನುತ್ತಿದ್ದಳು. ನಾನು ಕರಗುತ್ತಿದ್ದೆ. ಅವಳು ನನಗಿಂತ ಬೇಗ ಕರಗಿಹೋದಳು.

ಅವಳು ಹೋದಮೇಲೆ ಮಾತಾಡಿಸಲು ಬಂದವರು ನನ್ನ ಸಡಿಲಾದ ಅಂಗಿ ನೋಡಿ, "ಹೆಂಡ್ತಿ ಚಿಂತ್ಯಾಗ ಎಷ್ಟು ಸೊರಗ್ಯಾರ ಪಾಪ!" ಎಂದರು. ಪಥ್ಯದ ಕೀರ್ತಿ ದುಃಖಕ್ಕೆ ಹೋಯಿತು. ದುಃಖ ನನ್ನನ್ನು ಸೊರಗಿಸಲೇ ಇಲ್ಲ. ಈಗ ಮನೆಗೆ ಹೋಗಲು ಮನಸ್ಸಾಗದೆ ಅಂಗಡಿಯಲ್ಲೇ ಕೂತು ಶೇಂಗಾ, ಬೆಲ್ಲ ಬಾಯಿಗೆ ಹಾಕಿಕೊಳ್ಳುತ್ತಿರುತ್ತೇನೆ. ಹೆಂಡತಿ ಸತ್ತ ಮೇಲೆ ದಪ್ಪಗಾದ ಗಂಡ ಈ ತಾಲೂಕಿನಲ್ಲಿ ಬಹುಶಃ ನಾನೊಬ್ಬನೇ!